ಮೆದುಳಿನ ಕಾವಲುಗಾರರು

(ಹಾಲು ಉತ್ಪಾದಕ ಸದಸ್ಯರ ತರಬೇತಿ ಶಿಬಿರದಲ್ಲಿ ಪಶುವೈದ್ಯಾಧಿಕಾರಿಯೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ಹಸಿರು ಮೇವು, ಕೃತಕ ಗರ್ಭಧಾರಣೆ, ಕೆಚ್ಚಲು ಬಾವು ಇವುಗಳ ಬಗ್ಗೆ ಈ ವೇದಿಕೆಯಿಂದ ನೀವು ಹಲವು ಸಲ ಕೇಳಿದ್ದೀರಿ. ಇಂದು ಮೆದುಳಿನ ವಿಷಯ ಮಾತನಾಡಬೇಕೆಂದು ಸಂಘಟಕರು ಕೇಳಿದಾಗ, ಹಾಲಿಗೂ ಮೆದುಳಿಗೂ ಏನು ಸಂಬಂಧ ಎಂದು ಕೆಲವರು ನಕ್ಕರಂತೆ. ಸಂಬಂಧ ಇದೆ. ದಿನಪತ್ರಿಕೆ ತೆರೆದರೆ, ಔಷಧಿ ಅಂಗಡಿಗೆ ಹೋದರೆ, ಈಗ ಕೈಯಲ್ಲಿರುವ ಮೊಬೈಲ್ ನೋಡಿದರೆ ‘ಆಂಟಿ ಆಕ್ಸಿಡೆಂಟ್’ ಎಂಬ ಮಾತು ಕಾಣುತ್ತದೆ. ಇದು ಮೆದುಳನ್ನು ಕಾಯುತ್ತದೆ, ಲಕ್ವ ಹೊಡೆಯದಂತೆ ತಡೆಯುತ್ತದೆ, ಮರೆವು ಬಾರದಂತೆ ನೋಡಿಕೊಳ್ಳುತ್ತದೆ ಎಂದು ಮಾತ್ರೆ, ಪುಡಿ, ಟಾನಿಕ್ ಮಾರುತ್ತಾರೆ. ಹಾಲಿನ ಬಟವಾಡೆಯ ದುಡ್ಡಿನಲ್ಲಿ ಇವನ್ನು ಕೊಳ್ಳುವವರು ನಮ್ಮಲ್ಲೂ ಇದ್ದಾರೆ. ಇದರಲ್ಲಿ ನಿಜವೆಷ್ಟು, ಎಲ್ಲಿಯವರೆಗೆ ನಂಬಬಹುದು, ನಮ್ಮ ಕೈಯಲ್ಲೇ ಇರುವುದು ಯಾವುದು ಎಂಬುದನ್ನು ತಿಳಿಸಲು ಪ್ರಯತ್ನಿಸುತ್ತೇನೆ. ನಾನು ದನಕರುಗಳ ವೈದ್ಯ. ಮನುಷ್ಯರಿಗೆ ಔಷಧಿ ಬರೆದುಕೊಡುವವನಲ್ಲ. ಆದರೆ ಈ ವಿಷಯದ ಮೊದಲ ಪಾಠಗಳನ್ನು ವಿಜ್ಞಾನಿಗಳು ಕಲಿತದ್ದು ಪ್ರಾಣಿಗಳಿಂದಲೇ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಕಮಟು ಎಂದರೇನು?

ಕಡಲೆಕಾಯಿ ಎಣ್ಣೆಯನ್ನು ಮುಚ್ಚಳ ತೆಗೆದು ಬಹಳ ದಿನ ಇಟ್ಟರೆ ಕಮಟು ವಾಸನೆ ಬರುತ್ತದೆ. ಹಳೆಯ ಹಿಂಡಿಗೂ, ಎಣ್ಣೆ ಅಂಶ ಉಳಿದಿರುವ ಭತ್ತದ ತೌಡಿಗೂ ಅದೇ ಗತಿ. ಗಾಳಿಯಲ್ಲಿರುವ ಆಮ್ಲಜನಕವು ಎಣ್ಣೆಯ ಕಣಗಳೊಡನೆ ಸೇರಿ ಅವನ್ನು ಕೆಡಿಸುವುದೇ ಇದಕ್ಕೆ ಮುಖ್ಯ ಕಾರಣ. ಕಬ್ಬಿಣಕ್ಕೆ ತುಕ್ಕು ಹಿಡಿಯುವುದೂ ಇದೇ ಜಾತಿಯ ಕ್ರಿಯೆ. ಆದರೆ ಎಣ್ಣೆಯಲ್ಲಿ ಒಂದು ವಿಶೇಷವಿದೆ. ಕೆಟ್ಟ ಒಂದು ಕಣ ಪಕ್ಕದ ಕಣವನ್ನು ಕೆಡಿಸುತ್ತದೆ, ಅದು ಮತ್ತೊಂದನ್ನು ಕೆಡಿಸುತ್ತದೆ. ಬಣವೆಯ ಒಂದು ಮೂಲೆಗೆ ಬಿದ್ದ ಕಿಡಿ ಇಡೀ ಬಣವೆಗೆ ಹಬ್ಬಿದ ಹಾಗೆ.

ಈ ಕಿಡಿಗಳಿಗೆ ವಿಜ್ಞಾನಿಗಳು ‘ಫ್ರೀ ರ‍್ಯಾಡಿಕಲ್’ ಎನ್ನುತ್ತಾರೆ. ಹುಲ್ಲು, ಹಿಂಡಿ ತಿಂದು ಹಸು ಶಕ್ತಿ ಪಡೆಯುವಾಗ, ಅನ್ನ, ಮುದ್ದೆ ತಿಂದು ನಾವು ಶಕ್ತಿ ಪಡೆಯುವಾಗ ದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಆಮ್ಲಜನಕ ಬಳಕೆಯಾಗುತ್ತದೆ. ಒಲೆ ಉರಿದಾಗ ಒಂದೆರಡು ಕಿಡಿ ಹಾರುವಂತೆ ಇಲ್ಲೂ ಕಿಡಿಗಳು ಹಾರುತ್ತವೆ. ಅವು ಹಬ್ಬದಂತೆ ಆರಿಸುವ ವಸ್ತುಗಳೇ ಆಂಟಿ ಆಕ್ಸಿಡೆಂಟ್‌ಗಳು. ಕನ್ನಡದಲ್ಲಿ ಉತ್ಕರ್ಷಣ ನಿರೋಧಕಗಳು ಎನ್ನುತ್ತಾರೆ. ನಾವು ಕಾವಲುಗಾರರು ಎಂದು ಕರೆಯೋಣ.

ಮೆದುಳಿಗೇ ಏಕೆ ಹೆಚ್ಚು ಅಪಾಯ?

ಮನುಷ್ಯನ ಮೆದುಳಿನ ತೂಕ ಸುಮಾರು 1.4 ಕಿಲೋ. ದೇಹದ ತೂಕದಲ್ಲಿ ಶೇಕಡಾ 2 ಭಾಗ ಮಾತ್ರ. ಆದರೆ ನಾವು ವಿಶ್ರಾಂತಿಯಲ್ಲಿರುವಾಗ ದೇಹ ಬಳಸುವ ಆಮ್ಲಜನಕದಲ್ಲಿ ಶೇಕಡಾ 20ರಷ್ಟನ್ನು ಅದೊಂದೇ ಬಳಸುತ್ತದೆ. ಒಲೆ ದೊಡ್ಡದಾಗಿ ಉರಿದರೆ ಕಿಡಿಯೂ ಹೆಚ್ಚು. ಎರಡನೆಯದಾಗಿ, ನೀರಿನ ಅಂಶ ಬಿಟ್ಟರೆ ಮೆದುಳಿನಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಕೊಬ್ಬು. ಅದರಲ್ಲೂ ಬೇಗ ಕಮಟಾಗುವ ಜಾತಿಯ ಕೊಬ್ಬೇ ಬಹಳ. ಮೂರನೆಯದಾಗಿ, ಚರ್ಮ ಗೀರಿದರೆ ಹೊಸ ಚರ್ಮ ಬರುತ್ತದೆ, ಸತ್ತ ನರಕೋಶದ ಜಾಗಕ್ಕೆ ಹೊಸದು ಬರುವುದು ಬಹುತೇಕ ಇಲ್ಲ.

ಹೀಗೆ ದೊಡ್ಡ ಒಲೆ, ಪಕ್ಕದಲ್ಲೇ ಎಣ್ಣೆಯ ಡಬ್ಬ, ಸುಟ್ಟರೆ ಮತ್ತೆ ಕಟ್ಟಲಾಗದ ಮನೆ ಮೂರೂ ಒಂದೇ ಕಡೆ ಇವೆ. ಇಂಥ ಮನೆಗೆ ಕಾವಲು ಗಟ್ಟಿಯಾಗಿರಬೇಕು.

ಕೋಳಿಮರಿ ಕಲಿಸಿದ ಪಾಠ

1922ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹರ್ಬರ್ಟ್ ಇವಾನ್ಸ್ ಮತ್ತು ಕ್ಯಾಥರೀನ್ ಬಿಷಪ್ ಎಂಬ ವಿಜ್ಞಾನಿಗಳು ಇಲಿಗಳಿಗೆ ಒಂದು ಬಗೆಯ ಆಹಾರ ಕೊಟ್ಟು ನೋಡುತ್ತಿದ್ದರು. ಇಲಿಗಳು ಗಬ್ಬವಾಗುತ್ತಿದ್ದವು, ಮರಿಗಳು ಮಾತ್ರ ಹೊಟ್ಟೆಯಲ್ಲೇ ಸಾಯುತ್ತಿದ್ದವು. ಹಸಿರು ಸೊಪ್ಪು ಕೊಟ್ಟಾಗ ಸರಿಹೋಯಿತು. ಸೊಪ್ಪಿನಲ್ಲಿದ್ದ ಆ ವಸ್ತುವಿಗೆ ಮುಂದೆ ವಿಟಮಿನ್ ಇ ಎಂಬ ಹೆಸರು ಬಂತು. 1936ರಲ್ಲಿ ಇವಾನ್ಸ್ ಮತ್ತು ಸಂಗಡಿಗರು ಗೋಧಿ ಮೊಳಕೆಯ ಎಣ್ಣೆಯಿಂದ ಅದನ್ನು ಬೇರ್ಪಡಿಸಿದರು.

ನಮ್ಮ ವಿಷಯಕ್ಕೆ ಮುಖ್ಯವಾದುದು 1931ರ ವರದಿ. ಪ್ಯಾಪೆನ್‌ಹೈಮರ್ ಮತ್ತು ಗೆಟ್ಷ್ ಎಂಬ ಸಂಶೋಧಕರು ಕೋಳಿಮರಿಗಳಲ್ಲಿ ಒಂದು ವಿಚಿತ್ರ ಕಾಯಿಲೆ ಕಂಡರು. ಚೆನ್ನಾಗಿದ್ದ ಮರಿಗಳು ಎರಡು ಮೂರು ವಾರದ ಪ್ರಾಯದಲ್ಲಿ ತೂರಾಡುತ್ತಿದ್ದವು, ಕತ್ತನ್ನು ಹಿಂದಕ್ಕೆ ತಿರುಚುತ್ತಿದ್ದವು, ಪಕ್ಕಕ್ಕೆ ಬಿದ್ದು ಕಾಲು ಬಡಿಯುತ್ತಿದ್ದವು. ಕೊಯ್ದು ನೋಡಿದರೆ ನಡಿಗೆಯ ಹತೋಟಿ ಇಡುವ ಕಿರುಮೆದುಳು ಮೆತ್ತಗಾಗಿ, ಅಲ್ಲಲ್ಲಿ ರಕ್ತ ಕಟ್ಟಿತ್ತು. ಇದು ಅಂಟುರೋಗವಾಗಿರಲಿಲ್ಲ. ತಿನ್ನುವ ಆಹಾರದಲ್ಲಿ ವಿಟಮಿನ್ ಇ ಕೊರತೆ ಇತ್ತೆಂದು ನಂತರ ತಿಳಿಯಿತು. ಬೇಗ ಕೆಡುವ ಎಣ್ಣೆ ಆಹಾರದಲ್ಲಿ ಹೆಚ್ಚಿದ್ದರೆ ಕಾಯಿಲೆ ಜೋರಾಗುತ್ತಿತ್ತು. ವಿಟಮಿನ್ ಇ ಬದಲು, ಎಣ್ಣೆ ಕಮಟಾಗದಂತೆ ತಡೆಯುವ ಬೇರೆ ರಾಸಾಯನಿಕ ಬೆರೆಸಿದರೂ ಮರಿಗಳು ಉಳಿದವು. ಹಾಗಾದರೆ ಆ ಮರಿಗಳ ಮೆದುಳಿನಲ್ಲಿ ನಡೆದದ್ದು ಏನು? ಹಿಂಡಿ ಮೂಟೆಯಲ್ಲಿ ನಡೆಯುವಂಥದೇ ಕೇಡು. ಕೋಳಿ ಸಾಕುವ ತಾಯಂದಿರು ಇದನ್ನು ನೆನಪಿಡಬೇಕು. ಕಮಟು ಬಂದ ಆಹಾರವನ್ನು ಮರಿಗಳಿಗೆ ಹಾಕಬೇಡಿ.

ಮನುಷ್ಯರಲ್ಲೂ ಇದಕ್ಕೆ ಸಾಕ್ಷಿಯಿದೆ. ಹುಟ್ಟಿನಿಂದಲೇ ವಿಟಮಿನ್ ಇಯನ್ನು ದೇಹದಲ್ಲಿ ಉಳಿಸಿಕೊಳ್ಳಲಾಗದ ಅಪರೂಪದ ವಂಶವಾಹಿ ದೋಷ ಕೆಲವರಿಗಿರುತ್ತದೆ. ಅದಕ್ಕೆ ಕಾರಣವಾದ ಜೀನ್ ಯಾವುದೆಂದು 1995ರಲ್ಲಿ ಗೊತ್ತಾಯಿತು. ಇಂಥ ಮಕ್ಕಳು ಬೆಳೆಯುತ್ತ ನಡಿಗೆಯ ಹಿಡಿತ ಕಳೆದುಕೊಳ್ಳುತ್ತಾರೆ, ಮಾತು ತೊದಲುತ್ತದೆ. ಬೇಗ ಗುರುತಿಸಿ, ವೈದ್ಯರ ನಿಗಾದಲ್ಲಿ ವಿಟಮಿನ್ ಇ ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ಕಾಯಿಲೆ ಮುಂದುವರಿಯದಂತೆ ತಡೆಯಬಹುದು.

ಕಾವಲುಗಾರರ ತಂಡ

ವಿಟಮಿನ್ ಇ ಒಬ್ಬನೇ ಕೆಲಸ ಮಾಡುವುದಿಲ್ಲ. ಕೊಬ್ಬಿನೊಳಗೆ ಕುಳಿತು ಕಿಡಿಯನ್ನು ಹಿಡಿಯುವುದು ಅದರ ಕೆಲಸ. ಹಿಡಿದ ಮೇಲೆ ಅದು ಸೊರಗುತ್ತದೆ, ಆಗ ವಿಟಮಿನ್ ಸಿ ಅದಕ್ಕೆ ಮತ್ತೆ ಶಕ್ತಿ ತುಂಬುತ್ತದೆ. 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೋವಿಚ್ ಎಂಬ ವಿಜ್ಞಾನಿಗಳು ದೇಹ ತಾನೇ ತಯಾರಿಸುವ ಇನ್ನೊಬ್ಬ ಕಾವಲುಗಾರನನ್ನು ತೋರಿಸಿಕೊಟ್ಟರು. ಸೂಪರ್ ಆಕ್ಸೈಡ್ ಡಿಸ್ಮ್ಯುಟೇಸ್ ಎಂಬ ಈ ಕಿಣ್ವ ತಯಾರಾಗಲು ತಾಮ್ರ, ಸತು, ಮ್ಯಾಂಗನೀಸ್ ಬೇಕು. ಗ್ಲುಟಾಥಯೋನ್ ಎಂಬುದು ಮತ್ತೊಬ್ಬ. ಇದರ ಜೊತೆ ಕೆಲಸ ಮಾಡುವ ಕಿಣ್ವಕ್ಕೆ ಸೆಲೆನಿಯಂ ಎಂಬ ಖನಿಜ ಅಗತ್ಯವೆಂದು 1973ರಲ್ಲಿ ತಿಳಿಯಿತು. ಖನಿಜ ಮಿಶ್ರಣ ಕೊಡಿ ಎಂದು ನಾವು ಪದೇ ಪದೇ ಹೇಳುವುದರ ಹಿಂದೆ ಈ ಕಾರಣವೂ ಇದೆ.

ಗ್ಲುಟಾಥಯೋನ್ ವಿಷಯದಲ್ಲಿ ಹಾಲಿನ ಹೆಸರೂ ಬರುತ್ತದೆ. 2015ರಲ್ಲಿ ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು 60 ಮಂದಿ ವಯಸ್ಸಾದವರ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಹಾಲು ಹೆಚ್ಚು ಬಳಸುವವರ ಮೆದುಳಿನಲ್ಲಿ ಗ್ಲುಟಾಥಯೋನ್ ಹೆಚ್ಚಿತ್ತು. ಇದನ್ನು ಕೇಳಿ ನಾವು ಹಿಗ್ಗಬಹುದು, ಆದರೆ ಉತ್ಪ್ರೇಕ್ಷೆ ಮಾಡಬಾರದು. ಹಾಲು ಕುಡಿದರೆ ಮೆದುಳಿಗೆ ಪೆಟ್ಟಾಗುವುದಿಲ್ಲ ಎಂದು ಆ ಅಧ್ಯಯನ ಹೇಳಿಲ್ಲ. ಹಾಲು ಕುಡಿಯುವವರ ಉಳಿದ ಊಟವೂ ಚೆನ್ನಾಗಿದ್ದಿರಬಹುದು. ಅದು ಹೇಗೇ ಇರಲಿ, ಹಾಲು ಒಳ್ಳೆಯ ಆಹಾರ ಎಂಬುದರಲ್ಲಿ ಎರಡು ಮಾತಿಲ್ಲ. ಇದ್ದ ಹಾಲನ್ನೆಲ್ಲ ಡೇರಿಗೆ ಹಾಕಿ, ಮನೆಯ ಮಕ್ಕಳಿಗೂ ವೃದ್ಧರಿಗೂ ಕರಿ ಕಾಫಿ ಕೊಡುವ ಮನೆಗಳು ನಮ್ಮಲ್ಲಿವೆ. ದಯವಿಟ್ಟು ಮನೆಯ ಪಾಲನ್ನು ಮೊದಲು ತೆಗೆದಿಟ್ಟು ಉಳಿದದ್ದನ್ನು ಸಂಘಕ್ಕೆ ತನ್ನಿ. ಒಕ್ಕೂಟದವರ ಎದುರಿನಲ್ಲೇ ಈ ಮಾತು ಹೇಳುತ್ತಿದ್ದೇನೆ.

ಪೆಟ್ಟು ಬಿದ್ದಾಗ ಏನಾಗುತ್ತದೆ?

ಮೆದುಳಿಗೆ ಪೆಟ್ಟು ಎಂದರೆ ಎರಡು ಬಗೆ. ಒಂದು, ಬೈಕಿನಿಂದಲೋ ಮರದಿಂದಲೋ ಬಿದ್ದು ತಲೆಗೆ ಏಟಾಗುವುದು. ಇನ್ನೊಂದು, ಒಳಗೆ ರಕ್ತನಾಳ ಕಟ್ಟಿಕೊಂಡು ಅಥವಾ ಒಡೆದು ಪಾರ್ಶ್ವವಾಯು ಹೊಡೆಯುವುದು. ಎರಡರಲ್ಲೂ ಹಾನಿ ಎರಡು ಕಂತಿನಲ್ಲಿ ಆಗುತ್ತದೆ. ಮೊದಲ ಕಂತು ಆ ಕ್ಷಣದ್ದು. ಎರಡನೆಯ ಕಂತು ಮುಂದಿನ ಗಂಟೆಗಳಲ್ಲಿ, ದಿನಗಳಲ್ಲಿ ಬರುತ್ತದೆ. ಊತ, ಉರಿಯೂತದ ಜೊತೆಗೆ ನಾನು ಹೇಳಿದ ಕಿಡಿಗಳೂ ಆಗ ಸುತ್ತಲಿನ ಜೀವಂತ ಕೋಶಗಳಿಗೆ ಹಬ್ಬುತ್ತವೆ.

ಈ ಎರಡನೆಯ ಕಂತನ್ನು ಔಷಧಿಯಿಂದ ತಡೆಯಲು ವಿಜ್ಞಾನಿಗಳು ಹಲವು ದಶಕಗಳಿಂದ ಶ್ರಮಿಸುತ್ತಿದ್ದಾರೆ. ಎನ್‌ಎಕ್ಸ್‌ವೈ-059 ಎಂಬ ಔಷಧಿ ಪ್ರಾಣಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿತು. 2006ರಲ್ಲಿ ಪ್ರಕಟವಾದ ಮೊದಲ ದೊಡ್ಡ ಪರೀಕ್ಷೆಯಲ್ಲಿ ರೋಗಿಗಳಿಗೂ ಸ್ವಲ್ಪ ಅನುಕೂಲ ಕಂಡಿತು. ಎಲ್ಲರೂ ಸಂಭ್ರಮಿಸಿದರು. ಮರುವರ್ಷ, 2007ರಲ್ಲಿ, 3,000ಕ್ಕೂ ಹೆಚ್ಚು ರೋಗಿಗಳ ಎರಡನೆಯ ಪರೀಕ್ಷೆಯ ಫಲಿತಾಂಶ ಬಂದಾಗ ಔಷಧಿ ಕೊಟ್ಟವರಿಗೂ ಕೊಡದವರಿಗೂ ವ್ಯತ್ಯಾಸವೇ ಇರಲಿಲ್ಲ. ಎಡರಾವೋನ್ ಎಂಬ ಇನ್ನೊಂದು ಆಂಟಿ ಆಕ್ಸಿಡೆಂಟ್ ಔಷಧಿಗೆ ಜಪಾನಿನಲ್ಲಿ 2001ರಲ್ಲಿ ಪಾರ್ಶ್ವವಾಯು ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ಆದರೆ ಅದು ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಕೊಡುವ ಔಷಧಿ, ಅಂಗಡಿಯಲ್ಲಿ ಕೊಂಡು ನುಂಗುವಂಥದಲ್ಲ.

ಇಲಿಗೆ ಹಿಡಿಸಿದ ಔಷಧಿ ಮನುಷ್ಯನಿಗೆ ಏಕೆ ಹಿಡಿಸಲಿಲ್ಲ? ಪ್ರಯೋಗಶಾಲೆಯಲ್ಲಿ ಇಲಿಗೆ ಯಾವ ನಿಮಿಷದಲ್ಲಿ ಪೆಟ್ಟಾಯಿತೆಂದು ಗೊತ್ತಿರುತ್ತದೆ, ಔಷಧಿ ಕೂಡಲೇ ಸಿಗುತ್ತದೆ. ಮನುಷ್ಯ ಆಸ್ಪತ್ರೆ ತಲುಪುವಷ್ಟರಲ್ಲಿ ಗಂಟೆಗಳು ಕಳೆದಿರುತ್ತವೆ. ಬಣವೆ ಉರಿದು ಬೂದಿಯಾದ ಮೇಲೆ ನೀರು ಹೊಯ್ದರೆ ಪ್ರಯೋಜನವೇನು?

ಮಾತ್ರೆ ನುಂಗಿದರೆ ಆಗದೇ?

ಒಳ್ಳೆಯದು ತಾನೆ, ಸ್ವಲ್ಪ ಹೆಚ್ಚೇ ತೆಗೆದುಕೊಂಡರೆ ಆಯಿತು ಎಂದು ನೀವು ಕೇಳಬಹುದು. ಫಿನ್ಲೆಂಡ್ ದೇಶದಲ್ಲಿ ಸಿಗರೇಟಿನ ಚಟವಿದ್ದ 29,133 ಗಂಡಸರಿಗೆ ವಿಟಮಿನ್ ಇ, ಬೀಟಾ ಕೆರೋಟಿನ್ ಮಾತ್ರೆಗಳನ್ನು ಹಲವು ವರ್ಷ ಕೊಟ್ಟು ನೋಡಿದರು. ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಲಿ ಎಂಬುದು ಉದ್ದೇಶ. 1994ರಲ್ಲಿ ಫಲಿತಾಂಶ ಬಂದಾಗ ಬೀಟಾ ಕೆರೋಟಿನ್ ನುಂಗಿದವರಲ್ಲಿ ಆ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚಾಗಿತ್ತು. ವಿಟಮಿನ್ ಇ ನುಂಗಿದವರಲ್ಲಿ ಮೆದುಳಿನ ರಕ್ತಸ್ರಾವದಿಂದ ಸತ್ತವರು ಹೆಚ್ಚಿದ್ದರು. ಕಾವಲಿಗೆಂದು ಕರೆತಂದವರೇ ಅತಿಯಾದಾಗ ಮನೆಗೆ ಮುಳುವಾದರು. ಆದ್ದರಿಂದ ವೈದ್ಯರು ಬರೆದುಕೊಡದೆ ಈ ಮಾತ್ರೆಗಳಿಗೆ ದುಡ್ಡು ಸುರಿಯಬೇಡಿ.

ಹಾಗಾದರೆ ಎಲ್ಲಿಂದ ಪಡೆಯಬೇಕು? ಊಟದಿಂದ. ಕಡಲೆಕಾಯಿ, ಎಳ್ಳು, ಮೊಳಕೆ ಕಾಳು, ನುಗ್ಗೆ ಸೊಪ್ಪು, ದಂಟಿನ ಸೊಪ್ಪು, ನೆಲ್ಲಿಕಾಯಿ, ಸೀಬೆಹಣ್ಣು, ರಾಗಿ ಇವೆಲ್ಲ ನಮ್ಮ ಹೊಲದಲ್ಲಿ, ಹಿತ್ತಲಲ್ಲಿ ಬೆಳೆಯುವಂಥವೇ. ಬೋಂಡಾ ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಬೇಡಿ, ಕಾಯಿಸಿದಂತೆಲ್ಲ ಆ ಎಣ್ಣೆಯಲ್ಲಿದ್ದ ಕಾವಲುಗಾರರು ಸುಟ್ಟುಹೋಗುತ್ತಾರೆ.

ಕೊಟ್ಟಿಗೆಯ ಕಡೆ ನೋಡೋಣ

ಈಗ ನನ್ನ ಕ್ಷೇತ್ರಕ್ಕೆ ಬರುತ್ತೇನೆ. ಹಸಿರು ಹುಲ್ಲಿನಲ್ಲಿ ವಿಟಮಿನ್ ಇ ತುಂಬಿರುತ್ತದೆ. ಕೊಯ್ದು ಬಿಸಿಲಿಗೆ ಒಣಗಿಸಿದಂತೆ ಅದು ನಾಶವಾಗುತ್ತದೆ. ವರ್ಷವಿಡೀ ಬಣವೆಯಲ್ಲಿದ್ದ ಭತ್ತದ ಹುಲ್ಲು, ಜೋಳದ ಸಪ್ಪೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಬೇಸಿಗೆಯಲ್ಲಿ ಬರೀ ಒಣ ಮೇವು ತಿಂದು ಕರು ಹಾಕುವ ಹಸುವಿಗೆ ಈ ಕೊರತೆ ಜಾಸ್ತಿ. ಅದರ ಫಲ ಮೊದಲು ಕಾಣುವುದು ಮೆದುಳಿನಲ್ಲಲ್ಲ, ಗರ್ಭಕೋಶದಲ್ಲಿ ಮತ್ತು ಕೆಚ್ಚಲಲ್ಲಿ. ಕರು ಹಾಕಿದ ಮೇಲೆ ಕಸ ಬೀಳದೆ ಉಳಿಯುವುದಕ್ಕೆ ಇರುವ ಕಾರಣಗಳಲ್ಲಿ ವಿಟಮಿನ್ ಇ ಮತ್ತು ಸೆಲೆನಿಯಂ ಕೊರತೆಯೂ ಒಂದು. ಅಮೆರಿಕದ ಒಹಾಯೋದಲ್ಲಿ ನಡೆದು 1984ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹಾಲು ಬತ್ತಿದ ಅವಧಿಯಲ್ಲಿ ವಿಟಮಿನ್ ಇ ಕೊಟ್ಟ ಹಸುಗಳಲ್ಲಿ ಕೆಚ್ಚಲು ಬಾವು ಶೇಕಡಾ 37ರಷ್ಟು ಕಡಿಮೆಯಾಯಿತು.

ಕರುವಿನ ವಿಷಯ ಇನ್ನೂ ಸೂಕ್ಷ್ಮ. ತಾಯಿಯ ಹೊಟ್ಟೆಯಲ್ಲಿರುವಾಗ ಕರುವಿಗೆ ವಿಟಮಿನ್ ಇ ಬಹಳ ಕಡಿಮೆ ದಾಟುತ್ತದೆ. ಅದು ಸಿಗುವುದು ಗಿಣ್ಣು ಹಾಲಿನಿಂದ. ಕೊರತೆಯಾದರೆ ಕರುವಿನ ಮಾಂಸಖಂಡ ಬಿಳಿಚಿ, ಕಾಲಿಗೆ ಬಲವಿಲ್ಲದೆ, ಎದ್ದು ನಿಲ್ಲಲಾರದೆ ಸಾಯುವುದುಂಟು. ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣು ಕುಡಿಸಿ, ಕಸ ಬೀಳಲಿ ಎಂದು ಕಾಯಬೇಡಿ.

ಎಷ್ಟು ಕೊಡಬೇಕು? ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 2001ರ ಶಿಫಾರಸಿನಂತೆ, ಹಸಿರು ಮೇವಿಲ್ಲದ ಹಸುವಿಗೆ ಬತ್ತಿದ ಅವಧಿಯಲ್ಲಿ ಕಿಲೋ ದೇಹತೂಕಕ್ಕೆ 1.6 ಯೂನಿಟ್, ಕರೆಯುವಾಗ 0.8 ಯೂನಿಟ್ ವಿಟಮಿನ್ ಇ ದಿನಕ್ಕೆ ಬೇಕು. 400 ಕಿಲೋ ತೂಕದ ಹಸುವಿಗೆ ಕ್ರಮವಾಗಿ 640 ಮತ್ತು 320 ಯೂನಿಟ್ ಆಯಿತು. ಚೆನ್ನಾಗಿ ಹಸಿರು ತಿನ್ನುವ ಹಸುವಿಗೆ ಇದರ ಬಹುಪಾಲು ಮೇವಿನಿಂದಲೇ ಸಿಗುತ್ತದೆ. ನೀರಿದ್ದವರು ನೇಪಿಯರ್, ಕುದುರೆ ಮಸಾಲೆ, ಅಲಸಂದೆ ಬೆಳೆಯಿರಿ. ನೀರು ಕಡಿಮೆ ಇದ್ದವರು ಬದುವಿನಲ್ಲಿ ಅಗಸೆ, ನುಗ್ಗೆ ಹಾಕಿ. ಗಬ್ಬದ ಕೊನೆಯ ಎರಡು ತಿಂಗಳಲ್ಲಿ, ಇದ್ದಷ್ಟು ಹಸಿರನ್ನು ಬತ್ತಿದ ಹಸುವಿಗೂ ಪಾಲು ಹಾಕಿ. ಹಾಲು ಕೊಡುವುದಿಲ್ಲವೆಂದು ಅದಕ್ಕೆ ಬರೀ ಒಣಹುಲ್ಲು ಹಾಕುವುದು ಮುಂದಿನ ಕರಾವಿಗೆ ನಾವೇ ಮಾಡಿಕೊಳ್ಳುವ ನಷ್ಟ.

ಸೆಲೆನಿಯಂ ವಿಷಯದಲ್ಲಿ ಎಚ್ಚರಿಕೆಯೂ ಬೇಕು. ಒಣ ಅಂಶದ ಪ್ರತಿ ಕಿಲೋ ಆಹಾರಕ್ಕೆ 0.3 ಮಿಲಿಗ್ರಾಂ ಸಾಕು. ಹೆಚ್ಚಾದರೆ ವಿಷ. ಪಂಜಾಬಿನ ಹೋಶಿಯಾರ್‌ಪುರ, ನವಾನ್‌ಶಹರ್ ಭಾಗದ ಕೆಲವು ಹಳ್ಳಿಗಳ ಮಣ್ಣಿನಲ್ಲೇ ಸೆಲೆನಿಯಂ ಅತಿಯಾಗಿದ್ದು, ಅಲ್ಲಿನ ಮೇವು ತಿಂದ ದನಗಳ ಗೊರಸು ಕಳಚುವುದು, ಬಾಲದ ಕೂದಲು ಉದುರುವುದು ಕಂಡುಬಂದಿದೆ. ಆದ್ದರಿಂದ ಒಕ್ಕೂಟದ ಪಶು ಆಹಾರ, ಖನಿಜ ಮಿಶ್ರಣಗಳನ್ನು ಹೇಳಿದ ಅಳತೆಯಲ್ಲಿ ಕೊಡಿ. ಪಕ್ಕದ ಮನೆಯವರು ಹಾಕಿಸಿದರೆಂದು ಇಂಜೆಕ್ಷನ್ ತಂದು ನೀವೇ ಚುಚ್ಚಬೇಡಿ.

ಕೊನೆಯದಾಗಿ, ಜೀವದ ಮಾತು

ಮೆದುಳನ್ನು ನಿಜವಾಗಿ ಉಳಿಸುವ ಮೂರು ಕೆಲಸಗಳಿವೆ. ಮೂರೂ ಮಾತ್ರೆಯ ಡಬ್ಬಿಯಲ್ಲಿಲ್ಲ.

ಮೊದಲನೆಯದು ಹೆಲ್ಮೆಟ್. ಮುಂಜಾನೆ ಮಂಜಿನಲ್ಲಿ ಹಾಲಿನ ಕ್ಯಾನು ನೇತುಹಾಕಿಕೊಂಡು ಬರಿದಲೆಯಲ್ಲಿ ಬೈಕ್ ಓಡಿಸುವವರನ್ನು ದಿನವೂ ನೋಡುತ್ತೇವೆ. ಊರೊಳಗೆ ತಾನೆ ಎಂಬುದು ಸಬೂಬು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಲೆಕ್ಕ ಹಾಕಿದಾಗ, ಹೆಲ್ಮೆಟ್ ಧರಿಸಿದವರಲ್ಲಿ ತಲೆಪೆಟ್ಟಿನ ಅಪಾಯ ಶೇಕಡಾ 69ರಷ್ಟು, ಸಾವಿನ ಅಪಾಯ ಶೇಕಡಾ 42ರಷ್ಟು ಕಡಿಮೆಯಿತ್ತು. ಇಷ್ಟು ಕಾಯುವ ಆಂಟಿ ಆಕ್ಸಿಡೆಂಟ್ ಇನ್ನೂ ಹುಟ್ಟಿಲ್ಲ.

ಎರಡನೆಯದು ರಕ್ತದೊತ್ತಡ. ಪಾರ್ಶ್ವವಾಯುವಿಗೆ ದೊಡ್ಡ ಕಾರಣ ಅದೇ. ಅದು ನೋವು ಕೊಡುವುದಿಲ್ಲ, ಆದ್ದರಿಂದ ಗೊತ್ತಾಗುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷಿಸಿಕೊಳ್ಳಿ. ಮಾತ್ರೆ ಬರೆದುಕೊಟ್ಟರೆ ಚೆನ್ನಾಗಿದ್ದೇನೆಂದು ನಡುವೆ ಬಿಡಬೇಡಿ. ಉಪ್ಪು ಕಡಿಮೆ ಮಾಡಿ, ಬೀಡಿ ಬಿಡಿ.

ಮೂರನೆಯದು ಸಮಯ. ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾದರೆ, ಒಂದು ಕೈ ಜೋತುಬಿದ್ದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು. ರಕ್ತನಾಳ ಕಟ್ಟಿಕೊಂಡಾಗ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ. ಕಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ ಇದೆ, ಆದರೆ ಸಾಮಾನ್ಯವಾಗಿ ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸ್ಕ್ಯಾನ್ ಮಾಡಿ ರಕ್ತ ಕಟ್ಟಿದೆಯೋ ನಾಳ ಒಡೆದಿದೆಯೋ ನೋಡಬೇಕು. ಎಣ್ಣೆ ತಿಕ್ಕುವುದು, ಪಾರಿವಾಳದ ರಕ್ತ ಹಚ್ಚುವುದು, ನಾಳೆ ನೋಡೋಣ ಎನ್ನುವುದು ಇವುಗಳಲ್ಲಿ ಆ ನಾಲ್ಕೂವರೆ ಗಂಟೆ ಕಳೆದುಹೋಗುತ್ತದೆ. ನುಂಗುವ ಶಕ್ತಿ ಹೋಗಿರಬಹುದು, ಆದ್ದರಿಂದ ಬಾಯಿಗೆ ನೀರು, ಹಾಲು, ಮಾತ್ರೆ ಏನನ್ನೂ ಹಾಕಬೇಡಿ. ಲಕ್ಷಣ ಶುರುವಾದ ಹೊತ್ತನ್ನು ಗುರುತಿಟ್ಟುಕೊಂಡು 108ಕ್ಕೆ ಫೋನ್ ಮಾಡಿ, ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೇ ನೇರವಾಗಿ ಕರೆದೊಯ್ಯಿರಿ.

ಬಂಧುಗಳೇ, ಹಾಲನ್ನು ಹೊತ್ತಿಗೆ ಸರಿಯಾಗಿ ಡೇರಿಗೆ ತಲುಪಿಸದಿದ್ದರೆ ಒಡೆದುಹೋಗುತ್ತದೆ ಎಂಬುದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೆದುಳಿನ ವಿಷಯದಲ್ಲೂ ಹೊತ್ತಿನ ಬೆಲೆ ಅಷ್ಟೇ. ಪ್ರತಿ ಸಂಘದ ಕಾರ್ಯದರ್ಶಿಯವರು ಪಾರ್ಶ್ವವಾಯುವಿನ ಈ ಮೂರು ಲಕ್ಷಣಗಳನ್ನೂ 108 ಸಂಖ್ಯೆಯನ್ನೂ, ಹತ್ತಿರದ ಸ್ಕ್ಯಾನ್ ಇರುವ ಆಸ್ಪತ್ರೆಯ ಹೆಸರನ್ನೂ ಹಾಲಿನ ದರಪಟ್ಟಿಯ ಪಕ್ಕದಲ್ಲಿ ಬರೆದು ಹಾಕಬೇಕೆಂದು ಕೋರುತ್ತೇನೆ. ದಿನಕ್ಕೆರಡು ಸಲ ಎಲ್ಲರ ಕಣ್ಣಿಗೂ ಬೀಳುವ ಜಾಗ ಅದು.